ಕಿಟಕಿಯಿಂದ ಆಚೆ ಬಿದ್ದ ಕೊಡೆ

ನಾನು ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಎಂಟನೇ ಕ್ಲಾಸಿನ ಹುಡುಗನೊಬ್ಬ ಪದೇ ಪದೇ ಹೊಟ್ಟೆನೋವು ಅಂತ ರಜೆ ಹಾಕುತ್ತಿದ್ದ. ಕಾಫಿ ಎಸ್ಟೇಟಿನ ಲೈನ್ ಮನೆ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಮನೆ, ಅಲ್ಲಿಯ ಹುಡುಗ. ಬಸ್ಸಿನಲ್ಲಿ ಅವನನ್ನು 'ಲೈನು' ಅಂತಲೇ ಕರೆಯುತ್ತಾರೆ, ಜೋರು ಮಳೆಯಲ್ಲಿ ಅವನ ಕೊಡೆಯನ್ನು ಕಿಟಕಿಯಿಂದ ಆಚೆ ಎಸೆದರು ಅಂತ ಗೊತ್ತಾಗಿದ್ದು ಕಂಡಕ್ಟರ್ ಬಾಯಿಂದ.

ಮೊದಲು ನಾನೇ ಕೆಡಿಸಿದೆ. ಹಾಗೆ ಕಾಡುತ್ತಿದ್ದ ಮೂವರು ಹುಡುಗರನ್ನು ಕ್ಲಾಸಿನಲ್ಲೇ ನಿಲ್ಲಿಸಿ ಬೈದೆ. ಮರುದಿನದಿಂದ ಅವನಿಗೆ 'ಚಾಡಿಕೋರ' ಅನ್ನೋ ಹೆಸರೂ ಸೇರಿತು. ಕೈಕುಲುಕಿಸಿ ರಾಜಿ ಮಾಡಿಸೋಣ ಅಂತಲೂ ಹೊರಟಿದ್ದೆ. ರಾಜಿ ಜಗಳಕ್ಕೆ ಸರಿ. ಇದು ಜಗಳ ಅಲ್ಲ, ಮೂವರು ಸೇರಿ ಒಬ್ಬನನ್ನು ಗೋಳುಹೊಯ್ದುಕೊಳ್ಳುವುದು.

ಆಮೇಲೆ ಲೈಬ್ರರಿ ಜೋಡಿಸುವ ನೆಪದಲ್ಲಿ ಅವನನ್ನು ಕರೆದೆ. "ನಾನೇನು ಮಾಡಬೇಕು, ಏನು ಮಾಡಬಾರದು, ನೀನೇ ಹೇಳು" ಅಂದೆ. ತುಂಬಾ ಹೊತ್ತು ಪುಸ್ತಕದ ಧೂಳು ಒರೆಸಿದ. "ಅಮ್ಮಂಗೆ ಹೇಳ್ಬೇಡಿ ಸಾರ್. ಕೊಡೆ ಮರೆತು ಬಂದೆ ಅಂದಿದೀನಿ." ಗುಟ್ಟಾಗಿ ಇಡುತ್ತೇನೆ ಅಂತ ಮಾತು ಕೊಡಲಿಲ್ಲ. ಇಬ್ಬರೂ ಸೇರಿ ಹೇಳೋಣ ಅಂದೆ. ಭಾನುವಾರ ಹೋಗಿ ಹೇಳಿದೆವು. ಆ ತಾಯಿ ಬೈಯಲಿಲ್ಲ, ಕಾಫಿ ಕೊಟ್ಟರು.

ಒಂದು ನೋಟ್‌ಬುಕ್ ಕೊಟ್ಟೆ. ತಾರೀಕು, ಯಾರು, ಏನು ಮಾಡಿದರು, ಯಾರು ನೋಡಿದರು, ಅಷ್ಟೇ ಬರೆಯೋದು. ಹಿಂದಿನ ರಟ್ಟಿನಲ್ಲಿ 1098 ಅಂತ ಬರೆದುಕೊಟ್ಟೆ. ಮಕ್ಕಳ ಸಹಾಯವಾಣಿ, ದುಡ್ಡಿಲ್ಲದೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು. ಆ ಪುಸ್ತಕ ನೋಡಿದ ಮೇಲೆ ಹೆಡ್‌ಮೇಷ್ಟ್ರು "ಹುಡುಗಾಟ ಬಿಡಿ" ಅನ್ನೋದನ್ನು ನಿಲ್ಲಿಸಿದರು.

ಮೂವರನ್ನೂ ಬೇರೆ ಬೇರೆಯಾಗಿ ಕರೆದೆ. ಒಟ್ಟಿಗಿದ್ದಾಗ ಕಿಸಿಕಿಸಿ ನಗುವವರು ಒಬ್ಬರೇ ಆದಾಗ ಕಾಲ್ಬೆರಳು ನೋಡುತ್ತಾರೆ. ಒಬ್ಬ ತಾನಾಗಿ ಹೊಸ ಕೊಡೆ ತಂದುಕೊಟ್ಟ. ಇನ್ನೊಬ್ಬನ ಮೇಲೆ ಈಗಲೂ ಒಂದು ಕಣ್ಣಿಟ್ಟಿದ್ದೇನೆ.

ಆದರೆ ನಿಜವಾಗಿ ಕೆಲಸ ಮಾಡಿದ್ದು ನನ್ನ ಮಾತಲ್ಲ. ಅದೇ ಬಸ್ಸಿನ ಇಬ್ಬರು ಹುಡುಗರಿಗೆ ಹೇಳಿದ್ದೆ: ಜಗಳಕ್ಕೆ ಹೋಗಬೇಡಿ, ಅವನು ಹತ್ತಿದ ಕೂಡಲೇ ಹೆಸರು ಹಿಡಿದು "ಬಾರೋ, ಇಲ್ಲಿ ಕೂತ್ಕೋ" ಅನ್ನಿ. ಸುಮ್ನೆ ಅಷ್ಟೇ. ಮೂರನೇ ವಾರಕ್ಕೆ ಹೊಟ್ಟೆನೋವು ಕಡಿಮೆಯಾಯಿತು.

ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಕೈ ಎತ್ತಿದ. ನನಗೆ ಎದೆ ಡವಡವ. ತನ್ನ ಕಥೆ ಹೇಳಲಿಲ್ಲ. ಬಸ್‌ಸ್ಟಾಪಿಗೆ ಸೂರು ಬೇಕು, ಮಳೆಯಲ್ಲಿ ನೆನೆಯುತ್ತೇವೆ ಅಂದ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಂಡರು. ಸೂರು ಇನ್ನೂ ಬಂದಿಲ್ಲ. ಯಾವಾಗ ಬರುತ್ತೆ ಅಂತ ಅವನೇ ಹೋಗಿ ಎರಡು ಸಲ ಕೇಳಿ ಬಂದಿದ್ದಾನೆ.