ವೈಜ್ಞಾನಿಕ ಕಥೆಯಲ್ಲಿ ಹಸಿರು ಊರು ಕಟ್ಟುವ ಲೆಕ್ಕ

ಯಂತ್ರ ಬಿಟ್ಟು ಮಣ್ಣಿಗೆ ಮರಳಿದ ಊರೊಂದನ್ನು ಕಥೆಗೆ ತರುವುದಾದರೆ ಮೊದಲು ಕಣಜದ ಲೆಕ್ಕ ಹಾಕಿ. ಊರಲ್ಲಿ 200 ಜನ ಎನ್ನಿ. ತಲೆಗೆ ದಿನಕ್ಕೆ ಅರ್ಧ ಕೆಜಿ ಧಾನ್ಯ ಹಿಡಿದರೆ ವರ್ಷಕ್ಕೆ 36.5 ಟನ್. ರಾಸಾಯನಿಕ ಗೊಬ್ಬರ ಕಾಣದ ಹೊಲ ಹೆಕ್ಟೇರಿಗೆ 1 ಟನ್ ಕೊಟ್ಟೀತು ಎಂದುಕೊಳ್ಳಿ. ಬಿತ್ತನೆ ಬೀಜ, ಇಲಿ ಹೆಗ್ಗಣಗಳ ಪಾಲು ಸೇರಿ 45 ಹೆಕ್ಟೇರ್ ಬೇಕು. ವರ್ಷ ಬಿಟ್ಟು ವರ್ಷ ಬೀಳು ಬಿಡುವುದಾದರೆ 90. ಒಲೆಗೆ ತಲೆಗೆ ದಿನಕ್ಕೆ 1.5 ಕೆಜಿ ಸೌದೆಯೆಂದರೆ ವರ್ಷಕ್ಕೆ ಸುಮಾರು 110 ಟನ್. ಬೆಳೆದಷ್ಟನ್ನೇ ಕಡಿಯಬೇಕಲ್ಲ, ಕಾಡು ಎಷ್ಟು ದೊಡ್ಡದೆಂಬುದೂ ಇಲ್ಲೇ ತೀರ್ಮಾನವಾಗುತ್ತದೆ.

ಹೆಚ್ಚಿನ ಕಥೆಗಳು ಎಡವುವುದು ಕಬ್ಬಿಣದಲ್ಲಿ. ಆ ಕುಡುಗೋಲು ಎಲ್ಲಿಂದ ಬಂತು? ಹಳೇ ಪದ್ಧತಿಯ ಕುಲುಮೆಯಲ್ಲಿ 1 ಕೆಜಿ ಕಬ್ಬಿಣಕ್ಕೆ 10 ಕೆಜಿ ಇದ್ದಿಲು ಹಿಡಿದರೂ, ಅಷ್ಟು ಇದ್ದಿಲಿಗೆ 50 ಕೆಜಿ ಸೌದೆ ಸುಡಬೇಕು. ನೇಗಿಲ ಗುಳ, ಕೊಡಲಿ, ಗುದ್ದಲಿ ಎಂದು ಎಣಿಸುತ್ತ ಹೋದರೆ ಕಾಡು ಕರಗುವುದು ಕಣ್ಣಿಗೇ ಕಾಣುತ್ತದೆ. ಪಾಳುಬಿದ್ದ ನಗರದ ಗುಜರಿ ತರುತ್ತಾರೆಂದರೆ, ಅದು ಎಷ್ಟು ತಲೆಮಾರಿಗೆ ಸಾಕೆಂದು ಹೇಳಿ. ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಎಂದರೂ ವರ್ಷಕ್ಕೆ 365 ಕೆಜಿ. ಕಡಲಿಲ್ಲದ ಕಣಿವೆ ಅದನ್ನು ಯಾರಿಂದಲೋ ಪಡೆಯಬೇಕು. ನೆರೆಯವರ ಜೊತೆಗಿನ ನಂಟು, ಮುನಿಸು, ಚೌಕಾಸಿ ಎಲ್ಲಕ್ಕೂ ಈ ಉಪ್ಪಿನ ಮೂಟೆ ಸಾಕು.

ಆಮೇಲೆ ಔಷಧ. ಇನ್ಸುಲಿನ್ ಚಿಕಿತ್ಸೆ ಶುರುವಾದದ್ದು 1922ರಲ್ಲಿ. ಅದಕ್ಕೂ ಮುಂಚೆ ಟೈಪ್ 1 ಮಧುಮೇಹ ಬಂದ ಮಗು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಹಳೆಯ ಬದುಕನ್ನು ಹೊಗಳುವ ಕಥೆ ಈ ಮಗುವಿನ ತಾಯಿಗೆ ಉತ್ತರ ಕೊಡಲೇಬೇಕು. ಯಾವ ಯಂತ್ರ ಉಳಿಯಿತು, ಯಾವುದನ್ನು ಬಿಟ್ಟರು, ತೀರ್ಮಾನ ಯಾರದು ಎಂಬುದನ್ನು ಬರೆಯಿರಿ. ಉರ್ಸುಲಾ ಲೆ ಗ್ವಿನ್ ಅವರ ‘ಆಲ್ವೇಸ್ ಕಮಿಂಗ್ ಹೋಮ್’ (1985) ಕೃತಿಯ ಕೆಶ್ ಜನರಿಗೆ ದೊಡ್ಡ ಕಂಪ್ಯೂಟರ್ ಜಾಲವೊಂದು ಸದಾ ತೆರೆದಿರುತ್ತದೆ, ಹೆಚ್ಚಿನವರಿಗೆ ಅದರ ಹಂಬಲವೇ ಇಲ್ಲ. ತಿಳಿದೂ ಬಿಟ್ಟವರ ಸರಳತೆಗೆ ತೂಕವಿದೆ. ಕಾಡಿನವರೆಲ್ಲ ಮುಗ್ಧರು ಎಂದು ಬರೆದರೆ ಆ ತೂಕ ಹೋಗಿಬಿಡುತ್ತದೆ.

ಹೊರಗಿನವನೊಬ್ಬ ಬಂದು ಊರು ಸುತ್ತಿ ನೋಡುವ ತಂತ್ರ ಬೇಗ ಬೇಸರ ತರಿಸುತ್ತದೆ. ಅರ್ನೆಸ್ಟ್ ಕ್ಯಾಲೆನ್‌ಬಾಕ್ ‘ಇಕೋಟೋಪಿಯಾ’ ಕಾದಂಬರಿಯಲ್ಲಿ (1975) ಹಾಗೆ ಹೊರಗಿನಿಂದ ಬಂದ ಪತ್ರಕರ್ತನ ವರದಿಗಳ ನಡುವೆ ಅವನ ಖಾಸಗಿ ದಿನಚರಿಯನ್ನೂ ಹೆಣೆದರು. ನಿಮ್ಮ ಅತಿಥಿಯ ಕೈಗೆ ಕಳೆಗುದ್ದಲಿ ಕೊಡಿ.

ಕೊನೆಗೆ ಮಳೆ ಕೈಕೊಟ್ಟ ವರ್ಷವೊಂದನ್ನು ತನ್ನಿ. ಇಳುವರಿ ಅರ್ಧಕ್ಕಿಳಿದರೆ ಕೊರತೆ 18 ಟನ್ನಿಗೂ ಹೆಚ್ಚು. ಬಿತ್ತನೆ ಬೀಜದ ಮಡಕೆಗೆ ಕೈ ಹಾಕಬಹುದೇ ಎಂದು ಊರು ಸೇರುವ ರಾತ್ರಿಯಿಂದ ಬರವಣಿಗೆ ಶುರು ಮಾಡಿ.