ಮುನ್ನೂರು ಪುಟದ ಕಡತದಲ್ಲಿ ಬೇಕಾದ ಸಾಲು ಹುಡುಕುವುದು ಹೇಗೆ?

ಮಹಾಪ್ರಬಂಧವೋ ಸ್ಮರಣ ಸಂಚಿಕೆಯೋ ವರ್ಡ್‌ನಲ್ಲಿ ಇನ್ನೂರು ಪುಟ ದಾಟಿದ ಮೇಲೆ ಮೌಸ್ ಉರುಳಿಸುತ್ತಾ ಹುಡುಕಿದರೆ ಹೊತ್ತು ಹೋಗುತ್ತದೆ, ಕೆಲಸ ಸಾಗುವುದಿಲ್ಲ.

ಮೊದಲು ಶೀರ್ಷಿಕೆಗಳನ್ನು ಸರಿಪಡಿಸಿ. ಅಕ್ಷರ ದಪ್ಪ ಮಾಡಿ ಗಾತ್ರ ಹೆಚ್ಚಿಸಿದರೆ ಓದುವವರಿಗೆ ಅದು ಅಧ್ಯಾಯದ ಹೆಸರು, ವರ್ಡ್‌ಗೆ ಮಾತ್ರ ಮಾಮೂಲಿ ಸಾಲು. ಆ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿದರೆ ಅದಕ್ಕೆ 'ಹೆಡಿಂಗ್ 1' ಎಂಬ ಶೀರ್ಷಿಕೆ ಶೈಲಿ ಬರುತ್ತದೆ. ಉಪಶೀರ್ಷಿಕೆಗೆ 1ರ ಬದಲು 2, ಅದರೊಳಗಿನದಕ್ಕೆ 3. ಬಣ್ಣ, ಗಾತ್ರ ಹಿಡಿಸದಿದ್ದರೆ ಹೋಮ್‌ನಲ್ಲಿ ಹೆಡಿಂಗ್ 1ರ ಮೇಲೆ ಬಲ ಕ್ಲಿಕ್ ಮಾಡಿ ಮಾಡಿಫೈ ಆರಿಸಿ. ಕನ್ನಡದ ಗಾತ್ರ ಬದಲಾಗಲಿಲ್ಲವೇ? ಅಲ್ಲೇ ಫಾಂಟ್ ಪೆಟ್ಟಿಗೆಯಲ್ಲಿ ಕನ್ನಡದಂಥ ಲಿಪಿಗಳಿಗೆಂದೇ ಇರುವ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಭಾಗವನ್ನು ಬೇರೆಯಾಗಿ ಹೊಂದಿಸಬೇಕು. ಬಳಿಕ ವ್ಯೂ ಮೆನುವಿನಲ್ಲಿ ನ್ಯಾವಿಗೇಶನ್ ಪೇನ್ ಗುರುತು ಹಾಕಿದರೆ ಅಧ್ಯಾಯಗಳೆಲ್ಲ ಎಡಕ್ಕೆ ಸಾಲಾಗಿ ನಿಲ್ಲುತ್ತವೆ. ಹೆಸರು ಒತ್ತಿದರೆ ಅಲ್ಲಿಗೇ ಜಿಗಿತ, ಎಳೆದು ಮೇಲೆ ಕೆಳಗೆ ಇಟ್ಟರೆ ಇಡೀ ಅಧ್ಯಾಯವೇ ಜಾಗ ಬದಲಿಸುತ್ತದೆ. ಕೋಷ್ಟಕದ ಒಳಗೆ ಬರೆದ ಶೀರ್ಷಿಕೆ ಮಾತ್ರ ಇಲ್ಲಿ ಕಾಣಿಸದು.

ಪದ ಹುಡುಕಲು ಕಂಟ್ರೋಲ್ ಮತ್ತು ಎಫ್. ಕನ್ನಡದಲ್ಲಿ ಕಷ್ಟ ಶುರುವಾಗುವುದು ಇಲ್ಲೇ. 'ಫೈಂಡ್ ಹೋಲ್ ವರ್ಡ್ಸ್ ಓನ್ಲಿ' ಆಯ್ಕೆಯನ್ನು ತೆಗೆದುಹಾಕಿ, ಇಲ್ಲವಾದರೆ 'ಪುಸ್ತಕ' ಎಂದು ಕೊಟ್ಟಾಗ 'ಪುಸ್ತಕದಲ್ಲಿ' ತಪ್ಪಿಹೋಗುತ್ತದೆ. 'ಕಾಡು' ಹುಡುಕಿದರೆ 'ಕಾಡಿನ' ಸಿಗದು, ಆದ್ದರಿಂದ 'ಕಾಡಿ' ಎಂದು ಇನ್ನೊಮ್ಮೆ ಹುಡುಕಿ (ಕಣ್ಣಿಗೆ ಹಚ್ಚುವ ಕಾಡಿಗೆಯೂ ಸಿಕ್ಕೀತು!). ಸಂಧಿಯದು ಇನ್ನೂ ಸೂಕ್ಷ್ಮ: 'ಕನ್ನಡ' ಹುಡುಕಾಟಕ್ಕೆ ಹಳಗನ್ನಡ, ಹೊಸಗನ್ನಡ ಎರಡೂ ಸಿಕ್ಕುವುದಿಲ್ಲ. 'ನ್ನಡ' ಎಂದಷ್ಟೇ ಕೊಟ್ಟರೆ ಎಲ್ಲವೂ ಬಲೆಗೆ ಬೀಳುತ್ತವೆ. 'ಸಾಫ್ಟ್‌ವೇರ್' ಥರದ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಪದವನ್ನು ಕಡತದಿಂದಲೇ ನಕಲು ಮಾಡಿ ಹುಡುಕುಪೆಟ್ಟಿಗೆಗೆ ಅಂಟಿಸಿ, ಅಥವಾ 'ವೇರ್' ಎಂದು ಮಾತ್ರ ಕೊಡಿ. ಇಸವಿಗಳು ಬೇಕಾದರೆ ಕಂಟ್ರೋಲ್ ಮತ್ತು ಎಚ್ ಒತ್ತಿ, ಫೈಂಡ್ ಭಾಗದಲ್ಲಿ 19^#^# ಎಂದು ಬರೆಯಿರಿ; 1924, 1956, 1973 ಒಂದೊಂದಾಗಿ ಬರುತ್ತವೆ.

ಕಣ್ಣೆದುರೇ ಇರುವ ಪದವೂ ಸಿಗದಿದ್ದರೆ ಕಡತ ಯುನಿಕೋಡ್ (ಎಲ್ಲ ಲಿಪಿಗಳಿಗೂ ಇರುವ ಏಕರೂಪದ ಅಕ್ಷರಸಂಕೇತ) ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರಬಹುದು. ಒಂದು ಸಾಲನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅನುಮಾನ ನಿಜ: ಅಲ್ಲಿರುವುದು ಕನ್ನಡದ ರೂಪ ಮಾತ್ರ, ಒಳಗಿನ ಸಂಕೇತ ಬೇರೆ. ಮೂಲವನ್ನು ಹಾಗೇ ಉಳಿಸಿಕೊಂಡು ಅದರ ನಕಲೊಂದನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್ ಮಾಡಿ. ನಡುನಡುವೆ ಇರುವ ಇಂಗ್ಲಿಷ್ ಪದಗಳು ಆಗ ಅರ್ಥವಿಲ್ಲದ ಕನ್ನಡವಾಗುತ್ತವೆ, ಆದ್ದರಿಂದ ಅಂಥ ಪದಗಳಿರುವ ಕಡೆ, ಮುಖ್ಯವಾಗಿ ಅಡಿಟಿಪ್ಪಣಿಗಳನ್ನು, ಕಡ್ಡಾಯವಾಗಿ ಓದಿ ತಿದ್ದಿ.

ಪುಟದ ಸಂಖ್ಯೆ ಗೊತ್ತಿದ್ದರೆ ಕಂಟ್ರೋಲ್ ಮತ್ತು ಜಿ. ಅಲ್ಲಿ +10 ಎಂದರೆ ಹತ್ತು ಪುಟ ಮುಂದಕ್ಕೆ. ಶಿಫ್ಟ್ ಮತ್ತು ಎಫ್5 ಒತ್ತಿದರೆ ಕೊನೆಯ ಸಲ ತಿದ್ದಿದ ಜಾಗಕ್ಕೆ ಮರಳುತ್ತೀರಿ. ಲ್ಯಾಪ್‌ಟಾಪ್‌ನಲ್ಲಿ ಆ ಕೀಲಿ ಬೇರೆ ಕೆಲಸ ಮಾಡಿದರೆ ಎಫ್‌ಎನ್ ಕೀಲಿಯನ್ನೂ ಜೊತೆಗೆ ಹಿಡಿಯಿರಿ. ವರ್ಡ್ ಬದಲು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಬಳಸುವವರಿಗೆ ಬರೀ ಎಫ್5 ಸಾಕು, ನ್ಯಾವಿಗೇಟರ್ ತೆರೆದು ಶೀರ್ಷಿಕೆ, ಕೋಷ್ಟಕ, ಚಿತ್ರಗಳನ್ನು ಬೇರೆಬೇರೆ ಪಟ್ಟಿಯಾಗಿ ತೋರಿಸುತ್ತದೆ.