80 ಅಂದರು, 23 ಕಳಿಸಿದರು: ಹಳೆ ಲ್ಯಾಪ್‌ಟಾಪ್ ವಾಪಸ್ ಮಾಡಿದ ನನ್ನ ಅನುಭವ

ಆವತ್ತು ಸಂಜೆ ಕರೆಂಟ್ ಹೋಗದಿದ್ದರೆ ನನಗೆ ಇನ್ನೂ ಎಷ್ಟೋ ದಿನ ಗೊತ್ತಾಗುತ್ತಿರಲಿಲ್ಲ. ಮಗಳು ಇಂಜಿನಿಯರಿಂಗ್ ಮೊದಲ ವರ್ಷ. ಅಸೈನ್‌ಮೆಂಟ್ ಮಾಡುತ್ತಾ ಕೂತಿದ್ದಳು. ಕರೆಂಟ್ ಹೋದ ಮುಕ್ಕಾಲು ಗಂಟೆಗೆ ಲ್ಯಾಪ್‌ಟಾಪ್ ಕೂಡ ಆರಿಹೋಯಿತು. ಅದು ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಅಷ್ಟೂ ದಿನ ಚಾರ್ಜರ್ ಸಿಕ್ಕಿಸಿಕೊಂಡೇ ಓಡಿಸಿದ್ದೆವು, ಹಾಗಾಗಿ ಬ್ಯಾಟರಿಯ ಕಡೆ ಗಮನವೇ ಹೋಗಿರಲಿಲ್ಲ.

ನಾನು ಮಂಡ್ಯದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಹೊಸ ಲ್ಯಾಪ್‌ಟಾಪಿಗೆ ಐವತ್ತು ಸಾವಿರ ಹಾಕುವ ಶಕ್ತಿ ಇರಲಿಲ್ಲ. ಆನ್‌ಲೈನಿನಲ್ಲಿ ಹಳೆಯದನ್ನು ಸರಿಮಾಡಿ ಮಾರುವ ಒಂದು ತಾಣದಲ್ಲಿ 22,900 ರೂಪಾಯಿಗೆ ತೆಗೆದುಕೊಂಡೆ. ಆರು ತಿಂಗಳ ವಾರಂಟಿ, ‘ಗ್ರೇಡ್ ಎ’, ಬ್ಯಾಟರಿ ಆರೋಗ್ಯ (ಹೊಸದಿದ್ದಾಗಿಗೆ ಹೋಲಿಸಿದರೆ ಈಗ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದು) ಶೇ. 80ಕ್ಕಿಂತ ಹೆಚ್ಚು ಎಂದು ಹಾಕಿದ್ದರು. ಆ ಕೊನೆಯ ಸಾಲನ್ನು ನೋಡಿಯೇ ನಾನು ಬೇರೆ ಎರಡನ್ನು ಬಿಟ್ಟು ಇದನ್ನು ಆರಿಸಿದ್ದು.

ಮರುದಿನ ನೂರಡಿ ರಸ್ತೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಹುಡುಗನ ಹತ್ತಿರ ಒಯ್ದೆ. ಅವನು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು, ಪವರ್‌ಸಿಎಫ್‌ಜಿ ಎಂದು ಹೊಡೆದು, ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಸೇರಿಸಿದ. ಒಂದು ವರದಿಯ ಕಡತ ತಯಾರಾಯಿತು. ಅದರಲ್ಲಿ ನೋಡಬೇಕಾದದ್ದು ಎರಡೇ ಸಾಲು. ಡಿಸೈನ್ ಕೆಪಾಸಿಟಿ, ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದದ್ದು: 48,000 ಮಿಲಿವಾಟ್-ಅವರ್. ಫುಲ್ ಚಾರ್ಜ್ ಕೆಪಾಸಿಟಿ, ಅಂದರೆ ಈಗ ಹಿಡಿಯುವುದು: 11,040. ಭಾಗಿಸಿದರೆ ಶೇ. 23.

“ಬ್ಯಾಟರಿ ಎದ್ದೋಗದೆ ಕಣಕ್ಕ. ಹೊಸದು ಹಾಕ್ಸ್‌ಬುಡಿ, ಮೂರೂವರೆ ಸಾವ್ರ ಆಯ್ತದೆ” ಅಂದ.

ಬೇಡ ಅಂದೆ. ಬಿಚ್ಚುವುದೂ ಬೇಡ ಅಂದೆ, ಏಕೆಂದರೆ ಹಿಂದಿನ ಮುಚ್ಚಳದ ಸ್ಕ್ರೂ ಮೇಲೆ ಅವರ ಸೀಲ್ ಅಂಟಿಸಿತ್ತು. ಅದು ಹರಿದಿದ್ದರೆ ಮುಂದೆ ಎಲ್ಲ ಮಾತೂ ಆ ಸೀಲಿನ ಸುತ್ತಲೇ ತಿರುಗುತ್ತಿತ್ತು. ಅವನ ಅಂಗಡಿಯ ಬಿಲ್ ಹಾಳೆಯಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ತಾರೀಖು, ಈ ಎರಡು ಅಂಕಿ, ‘ಸೀಲ್ ಬಿಚ್ಚಿಲ್ಲ’ ಎಂಬ ಮಾತು ಬರೆಸಿಕೊಂಡು ನೂರು ರೂಪಾಯಿ ಕೊಟ್ಟೆ. ಈ ಇಡೀ ಪ್ರಕರಣದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಒಳ್ಳೆಯ ನೂರು ರೂಪಾಯಿ ಅದು.

ಮನೆಗೆ ಬಂದು ಗ್ರಾಹಕ ಸೇವೆಯ ಚಾಟ್‌ನಲ್ಲಿ ಬರೆದೆ. ಐದೇ ನಿಮಿಷಕ್ಕೆ ಉತ್ತರ ಬಂತು: ವಾಪಸಾತಿಗೆ 7 ದಿನ, ಅದು ಮುಗಿದಿದೆ. ವಾರಂಟಿ ಇದೆ, ಆದರೆ ಬ್ಯಾಟರಿ ಮತ್ತು ಚಾರ್ಜರ್ ಅದರೊಳಗೆ ಬರುವುದಿಲ್ಲ. ‘ಇದು ಹಳೆಯ ಸಾಧನ, ಬಳಕೆಯ ಸವೆತ ಸಹಜ.’ ಮೂರೂ ಮಾತು ಕೇಳುವುದಕ್ಕೆ ನ್ಯಾಯವಾಗಿಯೇ ಇದ್ದವು. ಆ ರಾತ್ರಿ ನನಗೂ ನನ್ನದೇ ತಪ್ಪು ಅನ್ನಿಸಿತ್ತು.

ನಮ್ಮಪ್ಪ ಆಲೆಮನೆ ಇಟ್ಟಿದ್ದವರು. ಮಂಡ್ಯದ ಎಪಿಎಂಸಿಗೆ ಬೆಲ್ಲ ತಂದರೆ ಕೊಳ್ಳುವವನು ಒಡೆದು, ಬಣ್ಣ ನೋಡಿ, ಬಾಯಿಗೆ ಹಾಕಿಕೊಂಡು ಆಮೇಲೆ ದರ ಹೇಳುತ್ತಿದ್ದ. ಒಡೆದು ನೋಡಿ ಕೊಂಡವನು ಆಮೇಲೆ ತಕರಾರು ತೆಗೆದರೆ ಅಪ್ಪ ಒಪ್ಪುತ್ತಿರಲಿಲ್ಲ. ಆದರೆ ಮಾದರಿಗೆ ಒಂದು ಅಚ್ಚು ತೋರಿಸಿ, ಲೋಡಿನಲ್ಲಿ ಬೇರೆ ಬೆಲ್ಲ ಕಳಿಸಿದರೆ ಅದು ಮಾರಿದವನ ತಪ್ಪು ಎಂದು ಅವರೇ ಹೇಳುತ್ತಿದ್ದರು. ಆನ್‌ಲೈನಿನಲ್ಲಿ ನಾನು ಒಡೆದು ನೋಡಲು ಆಗುವುದಿಲ್ಲ. ಅವರು ಬರೆದ ಸಾಲೇ ನನಗೆ ಮಾದರಿ. ಇದು ಹೊಳೆದ ಮೇಲೆ ನನ್ನ ವಾದ ಪೂರ್ತಿ ಬದಲಾಯಿತು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 2ನೇ ಸೆಕ್ಷನ್ನಿನ 10ನೇ ಉಪವಿಧಿಯಲ್ಲಿ ‘ದೋಷ’ ಅಂದರೇನು ಎಂದು ಹೇಳಿದ್ದಾರೆ. ಕಾನೂನಿನ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿ ಕೊರತೆ ಇದ್ದರೆ ದೋಷ, ಒಪ್ಪಂದದ ಪ್ರಕಾರ ಇರಬೇಕಾದದ್ದು ಇಲ್ಲದಿದ್ದರೂ ದೋಷ. ಇದರ ಜೊತೆಗೆ, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಇಲ್ಲದಿದ್ದರೂ ಅದು ದೋಷವೇ. ಹಳೆಯ ವಸ್ತು ಕೊಂಡವರಿಗೆ ಈ ಕೊನೆಯದೇ ಆಧಾರ. ಹಳೆಯದನ್ನು ಹೊಸದರ ಜೊತೆ ಹೋಲಿಸಿ ಜಗಳವಾಡಿದರೆ ಸೋಲುತ್ತೇವೆ. ಮಾರಿದವನ ಮಾತಿನ ಜೊತೆಯೇ ಹೋಲಿಸಬೇಕು. ಸವೆತ ಸಹಜ, ಒಪ್ಪಿದೆ. ಆದರೆ ಎಷ್ಟು ಸವೆದಿದೆ ಎಂದು ಅಂಕಿ ಹೇಳಿ ಮಾರಿದವರು ಅವರೇ.

ಇ-ವಾಣಿಜ್ಯದ ನಿಯಮಗಳು 2020ರ ಜುಲೈನಲ್ಲಿ ಬಂದಿವೆ. ಅದರ 6ನೇ ನಿಯಮದ ಪ್ರಕಾರ ವಸ್ತು ದೋಷಪೂರಿತವಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದಿದ್ದರೆ, ಮಾರಾಟಗಾರ ವಾಪಸ್ ಪಡೆಯುವುದಿಲ್ಲ, ಹಣ ಕೊಡುವುದಿಲ್ಲ ಎನ್ನುವಂತಿಲ್ಲ. ಹಳೆಯದಕ್ಕೆ ಬೇರೆ, ಹೊಸದಕ್ಕೆ ಬೇರೆ ಎಂದು ಅಲ್ಲಿ ಭಾಗ ಮಾಡಿಲ್ಲ. ಇನ್ನು ಏಳು ದಿನದ ಮಾತು. ಕಾಯ್ದೆಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ಗಳ ಪಟ್ಟಿ ಇದೆ. ದೋಷದ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಆ ಪಟ್ಟಿಯಲ್ಲಿದೆ. ನನ್ನ ಬಿಲ್ ತೆಗೆದು ಎರಡು ಸಲ ಓದಿದೆ. ಅವಧಿ ಎಲ್ಲೂ ಇರಲಿಲ್ಲ. ಆವತ್ತಿಗೆ ಹದಿಮೂರನೇ ದಿನ.

ಇಷ್ಟೆಲ್ಲ ಸರಿ, ಆದರೆ ‘80’ ಎಂದು ಬರೆದಿದ್ದಕ್ಕೆ ಸಾಕ್ಷಿ ಎಲ್ಲಿ? ತಾಣಕ್ಕೆ ಹೋಗಿ ನೋಡಿದರೆ ಆ ಪುಟವೇ ಇಲ್ಲ, ‘ಮಾರಾಟವಾಗಿದೆ’ ಎಂದು ಬರುತ್ತಿತ್ತು. ಆರ್ಡರ್ ಇಮೇಲಿನಲ್ಲಿ ಮಾದರಿ ಸಂಖ್ಯೆ ಬಿಟ್ಟರೆ ಏನೂ ಇಲ್ಲ. ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಕೊಳ್ಳುವ ಮುಂಚೆ ಮೈಸೂರಿನಲ್ಲಿರುವ ತಮ್ಮನಿಗೆ ಸ್ಕ್ರೀನ್‌ಶಾಟ್ ಕಳಿಸಿ “ಇದು ತಗಳನಾ?” ಎಂದು ಕೇಳಿದ್ದೆ. ವಾಟ್ಸಾಪಿನಲ್ಲಿ ಅದು ತಾರೀಖಿನ ಸಮೇತ ಇತ್ತು. ನನ್ನ ಫೋನಿನ ಗ್ಯಾಲರಿಯಲ್ಲಿ ಮೂಲ ಚಿತ್ರವೂ ಸಿಕ್ಕಿತು. ಮೂಲವನ್ನೇ ಇಟ್ಟುಕೊಳ್ಳಿ, ಏಕೆಂದರೆ ವಾಟ್ಸಾಪಿನಲ್ಲಿ ದಾಟಿ ಬಂದ ಚಿತ್ರ ಕುಗ್ಗಿರುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಯಾರನ್ನೂ ಕೇಳದೆ ಕೊಂಡಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಪೆಟ್ಟಿಗೆ ತೆರೆಯುವಾಗ ವಿಡಿಯೋ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ಅದೂ ಬೇಕು. ಒಡೆದ ಪರದೆ, ಬೇರೆ ಮಾಲು ಬಂದಾಗ ಅದು ಕೆಲಸಕ್ಕೆ ಬರುತ್ತದೆ. ಒಳಗಿನ ದೋಷಕ್ಕೆ ಮಾತ್ರ ಜಾಹೀರಾತಿನ ಪುಟವೇ ಬೇಕು.

ಚಾಟ್ ಬಿಟ್ಟು ಕುಂದುಕೊರತೆ ಅಧಿಕಾರಿಗೆ ಬರೆದೆ. ಪ್ರತಿ ತಾಣವೂ ಈ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕದ ವಿವರ ಹಾಕಲೇಬೇಕು. ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಸಿಗುತ್ತದೆ. ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬಿಲ್ಲಿನಲ್ಲಿ ಮಾರಾಟಗಾರ ಬೇರೆ ರಾಜ್ಯದ ಒಂದು ಸಂಸ್ಥೆ, ತಾಣದ ಹೆಸರು ಬೇರೆ. ಇಬ್ಬರಿಗೂ ಒಂದೇ ಪತ್ರ ಕಳಿಸಿದೆ. ನಾವು ಬರೀ ಮಧ್ಯವರ್ತಿ ಎಂದು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದಕ್ಕೆ ಜಾಗವೇ ಇರಬಾರದು ಅಂತ.

ಮೊದಲು ಬರೆದ ಪತ್ರ ಎರಡು ಪುಟ ಆಗಿತ್ತು. ಪರದೆಯ ಮೂಲೆಯಲ್ಲಿ ಒಂದು ಮಸುಕು ಕಲೆ, ಕೀಬೋರ್ಡಿನ ಹೊಳಪು, ಮಗಳ ಓದಿಗೆ ಆದ ತೊಂದರೆ ಎಲ್ಲ ತುಂಬಿಸಿದ್ದೆ. ತಮ್ಮ ಓದಿ “ಅಕ್ಕ, ‘ಗ್ರೇಡ್ ಎ’ ಅಂದ್ರೆ ಏನು ಅಂತ ಅವರೆಲ್ಲೂ ಹೇಳಿಲ್ವಲ್ಲ, ಆ ಕಲೆ ಮಾತು ಬುಡು” ಅಂದ. ಅವನು ಹೇಳಿದ್ದು ಸರಿ. ವಾದಕ್ಕೆ ಎಳೆಯಬಹುದಾದ ಒಂದು ಮಾತು ಸೇರಿಸಿದರೆ ಅವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಕೊನೆಗೆ ಉಳಿದದ್ದು ಇಷ್ಟು:

“ತಾವು ಮಾರಾಟದ ಪುಟದಲ್ಲಿ ಬ್ಯಾಟರಿ ಆರೋಗ್ಯ ಶೇ. 80ಕ್ಕಿಂತ ಹೆಚ್ಚು ಎಂದು ತಿಳಿಸಿದ್ದೀರಿ, ಚಿತ್ರ ಲಗತ್ತಿಸಿದೆ. ಬಂದಿರುವ ಸಾಧನದಲ್ಲಿ ಅದು ಶೇ. 23 ಇದೆ, ವರದಿ ಲಗತ್ತಿಸಿದೆ. ನಾನು ವಾರಂಟಿ ಕೇಳುತ್ತಿಲ್ಲ. ವಿವರಣೆಗೆ ಹೊಂದದ ವಸ್ತುವನ್ನು ನಿರಾಕರಿಸುತ್ತಿದ್ದೇನೆ. ತಮ್ಮ ಖರ್ಚಿನಲ್ಲಿ ತೆಗೆದುಕೊಂಡು ಹೋಗಿ, ನಾನು ಕೊಟ್ಟ 22,900 ರೂಪಾಯಿಯನ್ನು 15 ದಿನದೊಳಗೆ ಖಾತೆಗೆ ಹಿಂದಿರುಗಿಸಬೇಕು.”

‘ವಾರಂಟಿ ಕೇಳುತ್ತಿಲ್ಲ’ ಎಂಬ ಸಾಲು ಮುಖ್ಯ. ವಾರಂಟಿ ಅಂದರೆ ಮುಂದೆ ಕೆಟ್ಟರೆ ಏನು ಮಾಡುತ್ತೇವೆ ಎಂಬ ಭರವಸೆ. ಬ್ಯಾಟರಿಯನ್ನು ಅದರಿಂದ ಹೊರಗಿಡಲು ಅವರಿಗೆ ಅವಕಾಶ ಇರಬಹುದು. ಆದರೆ ನನ್ನದು ಮುಂದೆ ಕೆಟ್ಟದ್ದಲ್ಲ, ಬಂದಾಗಲೇ ಹೇಳಿದಂತೆ ಇರಲಿಲ್ಲ. ಈ ಎರಡನ್ನು ಬೆರೆಸಿದರೆ ಸರ್ವಿಸ್ ಸೆಂಟರ್ ಕಡೆಗೆ ಅಟ್ಟುತ್ತಾರೆ, ದಿನ ಉರುಳುತ್ತದೆ. ಲ್ಯಾಪ್‌ಟಾಪನ್ನು ಆವತ್ತಿನಿಂದ ಮುಟ್ಟಲಿಲ್ಲ. ಬೇಡ ಎಂದು ಬರೆದು ಅದನ್ನೇ ದಿನಾ ಬಳಸಿದರೆ ಒಪ್ಪಿಕೊಂಡ ಹಾಗೆ. ಮಗಳು ಮೂರು ವಾರ ಗೆಳತಿಯ ಮನೆಗೆ ಹೋಗಿ ಬರೆದಳು, ಅದೊಂದು ಕಷ್ಟ ಮಾತ್ರ ನನಗೆ ಈಗಲೂ ನೋವು.

ಪತ್ರ ಬಂದಿದೆ ಎಂಬ ಉತ್ತರ ಮೂರನೇ ದಿನ ಬಂತು, ದೂರಿನ ಸಂಖ್ಯೆಯ ಜೊತೆ. ಐದನೇ ದಿನ ಫೋನ್ ಮಾಡಿ 3,000 ರೂಪಾಯಿಯ ಕೂಪನ್ ಕೊಡುತ್ತೇವೆ ಅಂದರು. ಮೆತ್ತಗೆ ಮಾತಾಡುವ ಹುಡುಗಿ, ಅವಳ ಮೇಲೆ ನನಗೆ ಕೋಪ ಇಲ್ಲ. “ಏನಿದ್ದರೂ ಇಮೇಲಿನಲ್ಲಿ ಬರೆಯಮ್ಮ” ಅಂದೆ. ಬರೆಯಲಿಲ್ಲ. ಆ ಕರೆಯ ತಾರೀಖು, ಹೊತ್ತು, ಅವಳು ಹೇಳಿದ್ದು ಎಲ್ಲವನ್ನೂ ನಾನೇ ಇಮೇಲಿನಲ್ಲಿ ಬರೆದು ಅವರಿಗೆ ಕಳಿಸಿದೆ.

ಹತ್ತನೇ ದಿನವೂ ಸುದ್ದಿ ಇಲ್ಲದ್ದು ನೋಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು. ದೂರು ದಾಖಲಿಸಿ ಸಂಖ್ಯೆ ಕೊಟ್ಟು, ಕಂಪನಿಗೆ ಕಳಿಸಿದರು. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಅದೇ ದಿನ ಪತ್ರದ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಇಬ್ಬರ ವಿಳಾಸಕ್ಕೂ ಹಾಕಿ, ಕೊನೆಗೆ ಒಂದು ಸಾಲು ಸೇರಿಸಿದೆ: ಪರಿಹಾರ ಸಿಗದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಮಂಡ್ಯ ಎಂಬ ಹೆಸರನ್ನು ಬೇಕೆಂದೇ ಬರೆದೆ. ಅವರ ಷರತ್ತುಗಳಲ್ಲಿ ವ್ಯಾಜ್ಯವೇನಿದ್ದರೂ ಅವರ ಊರಿನ ನ್ಯಾಯಾಲಯದಲ್ಲಿ ಎಂದಿತ್ತು. 2019ರ ಕಾಯ್ದೆಯ 34ನೇ ಸೆಕ್ಷನ್ ದೂರುದಾರ ವಾಸ ಮಾಡುವ ಜಾಗದಲ್ಲೇ ದೂರು ಕೊಡಲು ಬಿಡುತ್ತದೆ. 1986ರ ಹಳೆ ಕಾಯ್ದೆಯಲ್ಲಿ ಇದು ಇರಲಿಲ್ಲ. ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಬಲ ಎಂದು ಆವತ್ತು ಅರ್ಥವಾಯಿತು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು, ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ದೂರಿನ ಕರಡನ್ನೂ ಬರೆದಿಟ್ಟಿದ್ದೆ. ಅದು ಬೇಕಾಗಲಿಲ್ಲ. ಪೋಸ್ಟ್ ತಲುಪಿದ ನಾಲ್ಕನೇ ದಿನ, ತೆಗೆದುಕೊಂಡು ಹೋಗಲು ಬರುತ್ತಾರೆ ಎಂದು ಇಮೇಲ್ ಬಂತು.

ಒಪ್ಪಿಸುವ ಮುಂಚೆ ಮಗಳ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿ, ಅವಳ ಖಾತೆಗಳಿಂದ ಹೊರಬಂದು, ಎಲ್ಲ ಅಳಿಸಿದೆವು. ನಾಲ್ಕೂ ಬದಿ, ಸೀಲು, ಸೀರಿಯಲ್ ನಂಬರು, ಪರದೆ ಉರಿಯುತ್ತಿರುವುದು, ಪೆಟ್ಟಿಗೆಗೆ ಹಾಕಿ ಟೇಪ್ ಸುತ್ತುವುದು, ಎಲ್ಲ ಒಂದೇ ಓಟದ ವಿಡಿಯೋ. ಕೊರಿಯರ್ ಹುಡುಗನ ರಸೀದಿಯಲ್ಲಿ ‘ಲ್ಯಾಪ್‌ಟಾಪ್, ಚಾರ್ಜರ್ ಸಮೇತ’ ಎಂದು ಬರೆಸಿದೆ. ಒಂಬತ್ತು ದಿನಕ್ಕೆ ಪೂರ್ತಿ ಹಣ ಬಂತು.

ತಮ್ಮನ ಕತೆ ಹೀಗಾಗಲಿಲ್ಲ. ಅವನು ಅದೇ ವರ್ಷ ಒಬ್ಬ ವ್ಯಕ್ತಿ ಜಾಹೀರಾತು ಹಾಕಿದ್ದ ಹಳೆ ಫೋನನ್ನು ಮೈಸೂರಿನ ಸಬರ್ಬ್ ಬಸ್ ನಿಲ್ದಾಣದ ಬಳಿ ಭೇಟಿಯಾಗಿ 9,000 ರೂಪಾಯಿಗೆ ಕೊಂಡ. ಎರಡೇ ದಿನಕ್ಕೆ ಸಿಮ್ ಹಿಡಿಯುವುದು ನಿಂತಿತು. ಯಾರೋ ಕಳೆದುಕೊಂಡಿದ್ದ ಫೋನು, ಅದರ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ತಡೆಹಿಡಿಯಲಾಗಿತ್ತು. ಮಾರಿದವನ ನಂಬರ್ ಸ್ವಿಚ್ ಆಫ್. ನನ್ನ ದಾರಿ ಅವನಿಗೆ ತೆರೆಯಲಿಲ್ಲ, ಏಕೆಂದರೆ ತನ್ನ ಸ್ವಂತ ಫೋನನ್ನು ಒಮ್ಮೆ ಮಾರುವವನನ್ನು ಗ್ರಾಹಕ ಕಾಯ್ದೆ ವ್ಯಾಪಾರಿ ಎಂದು ನೋಡುವುದಿಲ್ಲ. ಅಲ್ಲಿ ಬರುವುದು 1930ರ ಸರಕು ಮಾರಾಟ ಕಾಯ್ದೆ, ಸಿವಿಲ್ ನ್ಯಾಯಾಲಯ. ಕದ್ದ ಮಾಲಾದರೆ ಪೊಲೀಸ್ ಠಾಣೆ. ಫೋನನ್ನು ಠಾಣೆಗೆ ಒಪ್ಪಿಸಿದ, ಹಣ ಬರಲಿಲ್ಲ. ಹಳೆ ಫೋನಿಗೆ ಹಣ ಕೊಡುವ ಮೊದಲು ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿ ಐಎಂಇಐ ತೆಗೆದು, ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಮೆಸೇಜ್ ಮಾಡಿದರೆ ಫೋನಿನ ಸ್ಥಿತಿ ತಿಳಿಯುತ್ತದೆ. ನಿಲ್ದಾಣದಲ್ಲಿ ನಿಂತುಕೊಂಡೇ ಮಾಡಬಹುದಾದ ಕೆಲಸ ಅದು. ಬಿಲ್ ಕೊಡುವ ಅಂಗಡಿ ಅಥವಾ ತಾಣ ಎರಡು ಸಾವಿರ ಜಾಸ್ತಿ ಹೇಳಿದರೂ ನಾನೀಗ ಅಲ್ಲೇ ಕೊಳ್ಳುತ್ತೇನೆ.

ಮಗಳಿಗೆ ಬೇರೆ ಲ್ಯಾಪ್‌ಟಾಪನ್ನು ಮೈಸೂರಿನ ಒಂದು ಅಂಗಡಿಯಲ್ಲೇ ತೆಗೆದುಕೊಂಡೆವು, ಅದೂ ಹಳೆಯದೇ. ಬ್ಯಾಟರಿ ವರದಿ ಅವರ ಎದುರಿಗೇ ತೆಗೆದೆ: 82. ಅದನ್ನು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ ಅಂದೆ. “ಯಾರೂ ಹಿಂಗೆ ಕೇಳಲ್ಲ ಮೇಡಂ” ಅಂದರು ಅಂಗಡಿಯವರು. ಎರಡು ನಿಮಿಷ ಸುಮ್ಮನಿದ್ದು, ಪೆನ್ನು ತೆಗೆದು ಬರೆದುಕೊಟ್ಟರು.